ಹೊಟ್ಟೆನೋವಿನ ‘ಯಾಕೆ’ ಗೊತ್ತಿರಲಿ



ಪೆಥಾಲಜಿ ಅಂದರೆ ನರ್ಸಿಂಗ್ ಓದುತ್ತಿರುವ ನಿಮ್ಮಲ್ಲಿ ಬಹಳ ಜನಕ್ಕೆ ತಲೆನೋವು ಎಂದು ನನಗೆ ಗೊತ್ತು. ಬಿ.ಎಸ್‌ಸಿ. ನರ್ಸಿಂಗ್‌ನ ಎರಡನೇ ವರ್ಷ ಬಂತೆಂದರೆ ಹಾಸ್ಟೆಲ್ಲಿನಲ್ಲಿ ಸರಿರಾತ್ರಿಯಾದರೂ ಲೈಟು ಆರುವುದಿಲ್ಲ. ಸಿರೋಸಿಸ್ ಅಂದರೆ ಕಾರಣ ಇಷ್ಟು, ಲಕ್ಷಣ ಇಷ್ಟು, ತೊಡಕು ಇಷ್ಟು ಎಂದು ಪಟ್ಟಿ ಮಾಡಿ ಬಾಯಿಪಾಠ ಹೊಡೆಯುತ್ತೀರಿ. ಪರೀಕ್ಷೆಯಲ್ಲಿ ಮಾರ್ಕು ಬೀಳುತ್ತದೆ, ಹದಿನೈದು ದಿನದಲ್ಲಿ ಪಟ್ಟಿ ಮರೆತುಹೋಗುತ್ತದೆ. ಆಮೇಲೆ ಮೆಡಿಕಲ್ ವಾರ್ಡಿನಲ್ಲಿ ಅದೇ ಸಿರೋಸಿಸ್ ಹೊಟ್ಟೆ ಉಬ್ಬಿಸಿಕೊಂಡು ಎದುರಿಗೆ ಮಲಗಿದ್ದರೂ ಗುರುತು ಹತ್ತುವುದಿಲ್ಲ.

ಬೆಳಗಾವಿಯ ವಾರ್ಡುಗಳಲ್ಲೇ ತಲೆ ನೆರೆಸಿಕೊಂಡವಳು ನಾನು. ಈಗ ನಿವೃತ್ತಿಯಾಗಿ, ಹಿಂದೊಮ್ಮೆ ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ಟಿಳಕವಾಡಿಯ ವ್ಯಾಕ್ಸಿನ್ ಡಿಪೋದಲ್ಲಿ ಬೆಳಗಿನ ವಾಕಿಂಗ್ ಮಾಡಿಕೊಂಡಿದ್ದೇನೆ. ಯೂನಿಫಾರ್ಮ್ ತೊಟ್ಟು ಬಸ್ಸಿಗೆ ಓಡುವ ನಿಮ್ಮಂಥ ಮಕ್ಕಳನ್ನು ಕಂಡಾಗಲೆಲ್ಲ ನಿಲ್ಲಿಸಿ ಒಂದು ಮಾತು ಹೇಳಬೇಕೆನಿಸುತ್ತದೆ. ಹೊಟ್ಟೆಯ ಕಾಯಿಲೆ ಓದುವಾಗ ಏನೇನಾಗುತ್ತದೆ ಎಂದು ಪಟ್ಟಿ ಮಾಡುವ ಮೊದಲು ಯಾಕೆ ಹಾಗಾಗುತ್ತದೆ ಎಂದು ಕೇಳಿಕೊಳ್ಳಿ. ಯಾಕೆ ಎಂಬುದು ತಿಳಿದರೆ ಮುಂದೇನಾಗಬಹುದು ಎಂಬುದು ಹೊಳೆಯುತ್ತದೆ. ನರ್ಸ್ ಆದವಳಿಗೆ, ಆದವನಿಗೆ, ಬೇಕಾದದ್ದು ಅದೇ.

ಡಾಕ್ಟರು ರೌಂಡ್ಸಿಗೆ ಬಂದು, ನೋಡಿ, ಆರ್ಡರ್ ಬರೆದು ಮುಂದಿನ ವಾರ್ಡಿಗೆ ಹೋಗುತ್ತಾರೆ. ಎರಡು ರೌಂಡ್ಸಿನ ನಡುವಿನ ತಾಸುಗಳಲ್ಲಿ ರೋಗಿ ಇರುವುದು ನಿಮ್ಮ ಕಣ್ಣೆದುರಿಗೆ. ನೆಹರೂ ನಗರದ ಕೆಎಲ್ಇ ಆಸ್ಪತ್ರೆಯಿರಲಿ, ಹಳಬರು ಇವತ್ತಿಗೂ ‘ಸಿವಿಲ್’ ಎಂದೇ ಕರೆಯುವ ಬಿಮ್ಸ್ ಜಿಲ್ಲಾಸ್ಪತ್ರೆಯಿರಲಿ, ಖಾನಾಪುರದ ತಾಲೂಕು ಆಸ್ಪತ್ರೆಯಿರಲಿ, ಹೊಟ್ಟೆಯ ರೋಗಿ ಬಿಗಡಾಯಿಸುವುದು ಹೆಚ್ಚಾಗಿ ಆ ನಡುವಿನ ತಾಸುಗಳಲ್ಲೇ. ಆಗ ಕಾಯಿಲೆಯ ಹೆಸರು ಗೊತ್ತಿದ್ದರಷ್ಟೇ ಸಾಲದು, ಅದು ಒಳಗೆ ಯಾವ ದಾರಿ ಹಿಡಿದಿದೆ ಎಂಬುದೂ ಗೊತ್ತಿರಬೇಕು.

ಹೆದರಬೇಡಿ. ಹೊಟ್ಟೆಯ ಕಾಯಿಲೆಗಳಿಗೆ ಹೆಸರು ನೂರಿದ್ದರೂ ಒಳಗೆ ಕೆಡುವ ರೀತಿ ಕೈಬೆರಳಲ್ಲಿ ಎಣಿಸುವಷ್ಟೇ. ನೀರಿನ ಲೆಕ್ಕ ತಪ್ಪುತ್ತದೆ. ಗೋಡೆ ಸವೆಯುತ್ತದೆ. ದಾರಿ ಕಟ್ಟುತ್ತದೆ. ಜೀರ್ಣರಸ ತಪ್ಪು ಜಾಗದಲ್ಲಿ ಕೆಲಸ ಶುರು ಮಾಡುತ್ತದೆ. ಲಿವರ್ ಗಟ್ಟಿಯಾಗಿ ರಕ್ತ ಹಿಂದಕ್ಕೆ ಒತ್ತುತ್ತದೆ. ಹೊಸ ರೋಗಿ ಬಂದಾಗ ಈ ಐದರಲ್ಲಿ ಯಾವುದು ನಡೆದಿದೆ ಎಂದು ಮೊದಲು ಕೇಳಿಕೊಳ್ಳಿ. ಅರ್ಧ ಪುಸ್ತಕ ಅಲ್ಲೇ ಮುಗಿಯುತ್ತದೆ.

ನೀರಿನಿಂದಲೇ ಶುರು ಮಾಡೋಣ. ನಿಮ್ಮಲ್ಲಿ ಎಷ್ಟೋ ಮಕ್ಕಳು ಖಾನಾಪುರದ ಕಡೆಯವರು. ಮಳೆ ಹಿಡಿಯಿತೆಂದರೆ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಕೆಂಪಗೆ ತುಂಬಿ ಹರಿಯುವುದು, ಜಾಂಬೋಟಿ-ಲೋಂಡಾ ಕಡೆಯ ಹಳ್ಳಗಳು ಉಕ್ಕುವುದು ನಿಮಗೆ ಹೊಸದಲ್ಲ. ಮೇಲಿನ ಹೊಲಸೆಲ್ಲ ಬಾವಿಗೆ ಇಳಿಯುತ್ತದೆ. ಆ ದಿನಗಳಲ್ಲಿ ಕ್ಯಾಜುವಾಲ್ಟಿಗೆ ಬಂದ ಕನ್ನಡದವರು “ಜುಲಾಬ ಹತ್ಯಾವ್ರಿ ಸಿಸ್ಟರ್” ಎನ್ನುತ್ತಾರೆ, ಮರಾಠಿಯವರು “ಪೋಟಾತ ದುಖತಂಯ, ಜುಲಾಬ ಹೋತಾಯತ” ಎನ್ನುತ್ತಾರೆ. ಎರಡೂ ಕಡೆಯವರ ಮಾತು ಅರ್ಥವಾಗುವಷ್ಟು ಕಲಿತುಕೊಳ್ಳಿ. ಅರ್ಧ ಹಿಸ್ಟರಿ ಅದರಲ್ಲೇ ಸಿಗುತ್ತದೆ.

ಈಗ ಲೆಕ್ಕ ನೋಡಿ. ದೊಡ್ಡವರ ಕರುಳಿಗೆ ದಿನಕ್ಕೆ ಸುಮಾರು 9 ಲೀಟರ್ ನೀರು ಬರುತ್ತದೆ. ನಾವು ತಿಂದು ಕುಡಿದದ್ದು ಅದರಲ್ಲಿ 2 ಲೀಟರ್ ಮಾತ್ರ. ಉಳಿದ 7 ಲೀಟರ್ ನಮ್ಮದೇ ಜೊಲ್ಲು, ಜಠರರಸ, ಪಿತ್ತ, ಮೇದೋಜೀರಕದ ರಸ, ಕರುಳಿನ ರಸ. ಕೊನೆಗೆ ಮಲದಲ್ಲಿ ಹೊರಗೆ ಹೋಗುವುದು 100ರಿಂದ 200 ಮಿಲಿಲೀಟರ್. ಮಿಕ್ಕದ್ದೆಲ್ಲ ಮತ್ತೆ ರಕ್ತಕ್ಕೆ ವಾಪಸ್. ಈ ವಾಪಸಾತಿ ಸ್ವಲ್ಪ ತಪ್ಪಿದರೂ ಸಾಕು, ಅಥವಾ ಒಳಗಿನ ಸ್ರಾವ ಜಾಸ್ತಿಯಾದರೂ ಸಾಕು, ಮನುಷ್ಯ ಬತ್ತಿಹೋಗುತ್ತಾನೆ. ಕಾಲರಾ ಜೋರಾದಾಗ ತಾಸಿಗೆ 1 ಲೀಟರಿನವರೆಗೂ ಹೋಗುವುದುಂಟು. ಅಷ್ಟು ನೀರು ಎಲ್ಲಿಂದ ಬಂತು, ಅವನು ಅಷ್ಟು ಕುಡಿದೇ ಇಲ್ಲವಲ್ಲ ಎಂದು ಮನೆಯವರು ಕೇಳುತ್ತಾರೆ. ಅದು ಅವನ ರಕ್ತದ್ದೇ ನೀರು.

ಕಾಲರಾ ರೋಗಾಣು ಕರುಳಿನ ಗೋಡೆಯನ್ನು ಕಚ್ಚಿ ಹರಿಯುವುದಿಲ್ಲ. ಅದರ ವಿಷ ಗೋಡೆಯ ಜೀವಕೋಶದೊಳಗೆ ಹೊಕ್ಕು ಕ್ಲೋರೈಡ್ ಹೊರಗೆ ಹೋಗುವ ಬಾಗಿಲನ್ನು ತೆರೆದಿಟ್ಟುಬಿಡುತ್ತದೆ. ಕ್ಲೋರೈಡಿನ ಹಿಂದೆ ಸೋಡಿಯಂ, ಸೋಡಿಯಂ ಹಿಂದೆ ನೀರು. ಹೀಗೊಂದು ವಿಷವಿದೆ ಎಂದು ಕಲ್ಕತ್ತೆಯಲ್ಲಿ 1959ರಲ್ಲಿ ತೋರಿಸಿಕೊಟ್ಟವರು ನಮ್ಮವರೇ ಆದ ಶಂಭುನಾಥ ಡೇ. ಗೋಡೆಗೆ ಗಾಯವಾಗಿಲ್ಲವಾದ್ದರಿಂದ ಮಲದಲ್ಲಿ ರಕ್ತವಿಲ್ಲ, ಜ್ವರ ಸಾಮಾನ್ಯವಾಗಿ ಇಲ್ಲ, ಅಕ್ಕಿ ತೊಳೆದ ನೀರಿನಂಥ ಮಲ ಮಾತ್ರ. ಶಿಗೆಲ್ಲಾ, ಅಮೀಬಾಗಳ ಕಥೆ ಬೇರೆ. ಅವು ದೊಡ್ಡ ಕರುಳಿನ ಗೋಡೆಯನ್ನೇ ಹುಣ್ಣು ಮಾಡುತ್ತವೆ. ಅದಕ್ಕೇ ಸ್ವಲ್ಪ ಸ್ವಲ್ಪವೇ ರಕ್ತ-ಲೋಳೆ ಹೋಗುತ್ತದೆ, ಹೊಟ್ಟೆ ಮುರಿಯುತ್ತದೆ, ಹೋಗಿ ಬಂದರೂ ಹೋಗಬೇಕೆನಿಸುತ್ತದೆ. ಬೆಡ್‌ಪ್ಯಾನ್ ಎತ್ತುವಾಗ ಮೂಗು ಮುಚ್ಚಿಕೊಂಡು ಮುಖ ತಿರುಗಿಸಬೇಡಿ, ಒಂದು ಕ್ಷಣ ನೋಡಿ. ನೀರೋ, ರಕ್ತವೋ, ಲೋಳೆಯೋ, ಎಷ್ಟು ಎಂಬುದನ್ನು ಬರೆದಿಡಿ. ‘ಲೂಸ್ ಮೋಷನ್ 6 ಸಲ’ ಎಂದಷ್ಟೇ ಬರೆದರೆ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ.

ಕಾಲರಾದಲ್ಲಿ ಕೂಡ ಗ್ಲುಕೋಸ್ ಮತ್ತು ಸೋಡಿಯಂ ಜೊತೆಯಾಗಿ ಒಳಗೆ ಹೋಗುವ ಬಾಗಿಲು ಕೆಟ್ಟಿರುವುದಿಲ್ಲ. ಓಆರ್‌ಎಸ್ ಕೆಲಸ ಮಾಡುವುದು ಆ ಬಾಗಿಲಿನ ಮೂಲಕ. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ಬಂಗಾಳದ ಬಂಗಾಂವ್ ಶಿಬಿರದಲ್ಲಿ ಕಾಲರಾದಿಂದ ಸಾಯುತ್ತಿದ್ದಾಗ, ಸಲೈನ್ ಬಾಟಲಿ ಸಾಲದಾದಾಗ, ಡಾ. ದಿಲೀಪ್ ಮಹಾಲನಬಿಸ್ ಡ್ರಮ್ಮುಗಳಲ್ಲಿ ಉಪ್ಪು-ಗ್ಲುಕೋಸಿನ ನೀರು ತುಂಬಿಸಿ ಮನೆಯವರ ಕೈಯಿಂದಲೇ ಕುಡಿಸಿದರು. ಸಾವು ಗಣನೀಯವಾಗಿ ಇಳಿಯಿತು. ಇವತ್ತಿನ ಪ್ಯಾಕೆಟ್ಟಿನಲ್ಲಿ 1 ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲುಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್ ಇರುತ್ತದೆ. ತಾಯಿ ಅಕ್ಕರೆಯಿಂದ ಎರಡು ಚಮಚ ಸಕ್ಕರೆ ಹೆಚ್ಚು ಹಾಕಿದರೆ, ಅಥವಾ ಪೂರ್ತಿ ಪ್ಯಾಕೆಟ್ಟನ್ನು ಒಂದು ಲೋಟ ನೀರಿಗೆ ಸುರಿದರೆ, ದ್ರಾವಣ ಮಂದವಾಗಿ ರಕ್ತದ ನೀರನ್ನೇ ಕರುಳಿಗೆ ಎಳೆಯುತ್ತದೆ, ಜುಲಾಬು ಜಾಸ್ತಿಯಾಗುತ್ತದೆ. ಆದ್ದರಿಂದ ‘ಓಆರ್‌ಎಸ್ ಕೊಡ್ರಿ’ ಎಂದು ಹೇಳಿ ಕೈತೊಳೆದುಕೊಳ್ಳಬೇಡಿ. 1 ಲೀಟರಿನ ನೀರಿನ ಬಾಟಲಿ ತರಿಸಿ, ಆ ತಾಯಿಯ ಕೈಯಲ್ಲೇ ಕಲಸಿಸಿ, ನಿಮ್ಮ ಮುಂದೆಯೇ ಚಮಚದಿಂದ ಕುಡಿಸಲು ಹೇಳಿ. ಮಕ್ಕಳಿಗೆ ಜುಲಾಬು ನಡುವೆಯೇ ನಿಂತರೂ ಒಟ್ಟು 14 ದಿನದ ಸತುವಿನ ಗುಳಿಗೆ ಮುಗಿಸಬೇಕೆಂದು ಬಿಡಿಸಿ ಹೇಳಿ.

ಇಲ್ಲೇ ಇನ್ನೊಂದು ಮಾತು. ಜುಲಾಬು ನಿಂತಿತು ಎಂದು ಮನೆಯವರು ಖುಷಿಪಡುತ್ತಾರೆ. ನೀವು ಹೊಟ್ಟೆ ಮುಟ್ಟಿ ನೋಡಿ. ಉಬ್ಬಿದೆಯೇ? ಸ್ಟೆತೊಸ್ಕೋಪ್ ಇಟ್ಟರೆ ಕರುಳಿನ ಸದ್ದು ಇಲ್ಲವೇ? ಜುಲಾಬಿನಲ್ಲಿ ಪೊಟ್ಯಾಸಿಯಂ ಬಹಳ ಹೋಗಿರುತ್ತದೆ. ಪೊಟ್ಯಾಸಿಯಂ ಇಲ್ಲದೆ ಕರುಳಿನ ಸ್ನಾಯು ಅಲುಗುವುದಿಲ್ಲ. ರೋಗ ವಾಸಿಯಾಗಿ ಜುಲಾಬು ನಿಲ್ಲುವುದು ಬೇರೆ, ಕರುಳೇ ನಿಂತುಹೋಗಿ ಜುಲಾಬು ನಿಲ್ಲುವುದು ಬೇರೆ. ಡಾಕ್ಟರು ಪೊಟ್ಯಾಸಿಯಂ ಬರೆದರೆ ಅದನ್ನು ಡ್ರಿಪ್ಪಿನಲ್ಲಿ ಕಲಸಿ ನಿಧಾನವಾಗಿ ಕೊಡಬೇಕು, ಸಿರಿಂಜಿನಿಂದ ನೇರವಾಗಿ ರಕ್ತನಾಳಕ್ಕೆ ಎಂದೂ ತಳ್ಳಬಾರದು, ಹೃದಯ ನಿಂತುಬಿಡುತ್ತದೆ. ಇದನ್ನು ಮಾತ್ರ ನಿದ್ದೆಗಣ್ಣಿನಲ್ಲೂ ಮರೆಯಬೇಡಿ.

ಈಗ ಗೋಡೆಯ ವಿಷಯ. ಜಠರದ ಆಮ್ಲ ಮಾಂಸವನ್ನೇ ಕರಗಿಸುವಂಥದ್ದು. ತನ್ನ ಗೋಡೆಯನ್ನು ಅದು ಕರಗಿಸದಿರಲು ಮೇಲೊಂದು ಲೋಳೆಯ ಪದರ, ಅದರೊಳಗೆ ಬೈಕಾರ್ಬನೇಟ್, ಕೆಳಗೆ ಚೆನ್ನಾದ ರಕ್ತ ಸಂಚಾರ. ಇವನ್ನೆಲ್ಲ ಸುಸೂತ್ರವಾಗಿ ನಡೆಸುವುದು ಪ್ರೊಸ್ಟಾಗ್ಲಾಂಡಿನ್. ನೋವಿನ ಗುಳಿಗೆಗಳು ತಡೆಯುವುದು ಈ ಪ್ರೊಸ್ಟಾಗ್ಲಾಂಡಿನ್ನನ್ನೇ. ಮೊಣಕಾಲಿನ ನೋವೂ ಕಡಿಮೆ, ಜಠರದ ಕಾವಲೂ ಕಡಿಮೆ. ನಮ್ಮ ಕಡೆ ಖಾರ ತಿಂದರೆ ಅಲ್ಸರ್ ಎಂಬ ನಂಬಿಕೆ ಗಟ್ಟಿ, ರಂಜಕ ಬಿಡಿಸಿದರೆ ಎಲ್ಲ ಸರಿ ಎಂದುಕೊಳ್ಳುತ್ತೇವೆ. ಖಾರ ಉರಿ ಹೆಚ್ಚಿಸಬಹುದು ನಿಜ, ಆದರೆ ಹುಣ್ಣಿಗೆ ಮುಖ್ಯ ಕಾರಣ ಎರಡು: ನೋವಿನ ಗುಳಿಗೆ ಮತ್ತು ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ. ಆಸ್ಟ್ರೇಲಿಯಾದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಈ ಬ್ಯಾಕ್ಟೀರಿಯಾದ ಮಾತು ಹೇಳಿದಾಗ ಹೆಚ್ಚಿನವರು ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಹೊಟ್ಟೆ ಕೆಡಿಸಿಕೊಂಡು ತೋರಿಸಿದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಖಾನಾಪುರದ ಹೆಂಚು-ಇಟ್ಟಿಗೆ ಭಟ್ಟಿಯಲ್ಲಿ ದುಡಿಯುವವರು, ಕಬ್ಬು ಕಡಿಯುವವರು, ವಡಗಾವಿ-ಶಹಾಪುರದಲ್ಲಿ ಮಗ್ಗದ ಮುಂದೆ ದಿನವಿಡೀ ಕೂರುವವರು ಮೈಕೈ ನೋವಿಗೆ ಅಂಗಡಿಯಲ್ಲಿ ಗುಳಿಗೆ ಕೊಂಡು ನುಂಗುತ್ತಾರೆ. ಚೀಟಿಯಿಲ್ಲ, ಲೆಕ್ಕವಿಲ್ಲ. “ಔಷಧ ಏನರೆ ತಗೋತೀರೇನ್ರಿ?” ಎಂದರೆ “ಇಲ್ಲ” ಎನ್ನುತ್ತಾರೆ, ಯಾಕೆಂದರೆ ಅವರ ಲೆಕ್ಕದಲ್ಲಿ ಅದು ಔಷಧವೇ ಅಲ್ಲ. “ಅಜ್ಜಾ, ಮೊಣಕಾಲ ನೋವಿಗೆ ಗುಳಿಗಿ ತಗೋತೀರೇನ್ರಿ? ದಿನಾ ಎಷ್ಟ?” ಎಂದು ಕೇಳಿ, ಆಗ ಬಾಯಿ ಬಿಡುತ್ತಾರೆ.

ಅಂಥ ಒಬ್ಬ ಅಜ್ಜನ ವಿಷಯ ಹೇಳುತ್ತೇನೆ. “ಹೊಟ್ಟಿ ನೋವಿಲ್ಲವಾ, ಬರೇ ತಲಿ ತಿರಗತೈತಿ” ಎಂದು ಬಂದವರು. ಗುಳಿಗೆಯ ಹುಣ್ಣು ಎಷ್ಟೋ ಸಲ ನೋಯುವುದಿಲ್ಲ, ನೋವು ತಿಳಿಯದಂತೆ ಗುಳಿಗೆಯೇ ಮಾಡಿರುತ್ತದೆ. ಸಂಜೆ ಆರಕ್ಕೆ ಪಲ್ಸ್ 86, ಬಿಪಿ 124/76. ಎಂಟಕ್ಕೆ ಪಲ್ಸ್ 104, ಬಿಪಿ 120/84. ಹತ್ತಕ್ಕೆ ಪಲ್ಸ್ 118, ಬಿಪಿ 116/90. ಮೂರೂ ಸಲ ಚಾರ್ಟಿನಲ್ಲಿ ‘ಬಿಪಿ ನಾರ್ಮಲ್’ ಎಂದು ಬರೆಯಬಹುದಿತ್ತು. ಆದರೆ ಮೂರನ್ನೂ ಒಟ್ಟಿಗೆ ಇಟ್ಟು ಓದಿ. ಪಲ್ಸ್ ಏರುತ್ತಿದೆ, ಮೇಲಿನ-ಕೆಳಗಿನ ಬಿಪಿಯ ಅಂತರ 48ರಿಂದ 26ಕ್ಕೆ ಇಳಿದಿದೆ. ದೇಹದ ರಕ್ತದಲ್ಲಿ ನೂರಕ್ಕೆ 15ರಿಂದ 30 ಪಾಲು ಹೋಗುವವರೆಗೂ ಹೃದಯ ಜೋರಾಗಿ ಬಡಿದು, ರಕ್ತನಾಳಗಳು ಬಿಗಿದು, ಮಲಗಿದ್ದವರ ಬಿಪಿಯನ್ನು ಎತ್ತಿ ಹಿಡಿದಿರುತ್ತವೆ. ಅದಕ್ಕಿಂತ ಹೆಚ್ಚು ಹೋದಾಗ ಬಿಪಿ ಒಮ್ಮೆಲೇ ಕುಸಿಯುತ್ತದೆ. ಬಿಪಿ ಬಿದ್ದ ಮೇಲೆ ಓಡಿದರೆ ಬಹಳ ತಡವಾಗಿರುತ್ತದೆ. ಆ ಅಜ್ಜನ ಪಂಚೆಯ ಮೇಲೆ ಡಾಂಬರಿನಂತೆ ಕಪ್ಪಗೆ, ಅಂಟಂಟಾದ ಕಲೆಯಿತ್ತು, ಆ ವಾಸನೆ ಒಮ್ಮೆ ಮೂಗಿಗೆ ಬಡಿದರೆ ಜನ್ಮದಲ್ಲಿ ಮರೆಯುವುದಿಲ್ಲ. ಜಠರದಲ್ಲಿ ಸೋರಿದ ರಕ್ತ ಕರುಳಿನುದ್ದಕ್ಕೂ ಹೋಗುವಾಗ ಪಚನವಾಗಿ ಕಪ್ಪಾಗುತ್ತದೆ. 50ರಿಂದ 100 ಮಿಲಿಲೀಟರ್ ಸೋರಿದರೂ ಮಲ ಕಪ್ಪಾಗಲು ಸಾಕು. ಕಬ್ಬಿಣದ ಗುಳಿಗೆ ನುಂಗುವ ಬಾಣಂತಿಯ ಮಲವೂ ಕಪ್ಪಿರುತ್ತದೆ, ಆದರೆ ಅದು ಅಂಟುವುದಿಲ್ಲ, ಆ ನಾತವಿಲ್ಲ, ಪಲ್ಸ್ ಏರುವುದಿಲ್ಲ.

ಚಿಕ್ಕದೊಂದು ವಿಷಯ: ಪ್ಯಾಂಟೊಪ್ರಜೋಲನ್ನು ಊಟಕ್ಕೆ ಅರ್ಧ ತಾಸು ಮುಂಚೆ ಕೊಡುವುದು ಯಾಕೆ? ಆಮ್ಲ ಸುರಿಸುವ ಪಂಪುಗಳು ಊಟ ಕಂಡಾಗ ಎಚ್ಚರವಾಗುತ್ತವೆ. ಎಚ್ಚರಾದ ಪಂಪನ್ನೇ ಆ ಔಷಧ ಹಿಡಿಯುವುದು. ತಿಂಡಿಯಾದ ಮೇಲೆ ಟ್ರೇ ಹಿಡಿದು ಹೋದರೆ ಔಷಧ ಅರ್ಧ ದಂಡ.

ಮೂರನೆಯದು ದಾರಿ ಕಟ್ಟುವುದು. ಅಪೆಂಡಿಕ್ಸಿನ ಬಾಯಿ ಗಟ್ಟಿ ಮಲದಿಂದಲೋ ಊದಿದ ಗ್ರಂಥಿಯಿಂದಲೋ ಮುಚ್ಚಿಕೊಂಡಾಗ ಒಳಗೆ ಲೋಳೆ ತುಂಬಿ ಅದು ಉಬ್ಬುತ್ತದೆ. ಅಂಗದೊಳಗಿನ ನರಗಳಿಗೆ ಜಾಗ ಸರಿಯಾಗಿ ಗೊತ್ತಿಲ್ಲ. ಅವು ಬೆನ್ನುಹುರಿಗೆ ಸೇರುವುದು ಹೊಕ್ಕುಳ ಮಟ್ಟದಲ್ಲಿ, ಹೀಗಾಗಿ ಮೊದಲು ಹೊಕ್ಕುಳ ಸುತ್ತ ನೋವು. ಕೆಲವು ತಾಸಿನ ಮೇಲೆ ಊತ ಹೊಟ್ಟೆಯ ಒಳಪೊರೆಗೆ ತಾಕುತ್ತದೆ. ಒಳಪೊರೆಯ ನರಗಳಿಗೆ ಜಾಗ ಖಚಿತ. ಆಗ ರೋಗಿ ಬಲಗಡೆ ಕೆಳಹೊಟ್ಟೆಗೆ ಒಂದೇ ಬೆರಳಿಟ್ಟು ತೋರಿಸುತ್ತಾನೆ. ಆಪರೇಷನ್ನಿಗೆ ಕಾಯುತ್ತಿರುವ ಹುಡುಗ ನಸುಕಿನಲ್ಲಿ “ಈಗ ಆರಾಮ ಐತ್ರಿ” ಎಂದರೆ ನಕ್ಕು ಮುಂದೆ ಹೋಗಬೇಡಿ. ಒಳಗಿನ ಒತ್ತಡ ಇಳಿದಿರಬೇಕು, ಅಂದರೆ ಅಪೆಂಡಿಕ್ಸ್ ಒಡೆದಿರಬಹುದು. ಸ್ವಲ್ಪ ಹೊತ್ತಿನಲ್ಲೇ ನೋವು ಹೊಟ್ಟೆಯೆಲ್ಲ ಹರಡಿ, ಅವನು ಅಲುಗದೆ, ಕಾಲು ಮಡಚಿ ಮಲಗುತ್ತಾನೆ, ಉಸಿರೂ ಮೇಲೆ ಮೇಲೆ. ಕಿಡ್ನಿ ಕಲ್ಲಿನ ನೋವಿನವನು ಹಾಸಿಗೆಯಲ್ಲಿ ಹೊರಳಾಡುತ್ತಾನೆ, ಒಳಪೊರೆ ಉರಿದವನು ಅಲುಗುವುದೇ ಇಲ್ಲ. ಬಾಗಿಲಲ್ಲಿ ನಿಂತು ನೋಡಿದರೂ ಈ ವ್ಯತ್ಯಾಸ ಕಾಣುತ್ತದೆ.

ಟೈಫಾಯ್ಡಿಗೂ ಇದೇ ಎಚ್ಚರ. ಅದರ ರೋಗಾಣು ಸಣ್ಣ ಕರುಳಿನ ಕೊನೆಯ ಭಾಗದ ಪೇಯರ್ಸ್ ಗಂಟುಗಳಲ್ಲಿ ಕೂತು ಅವನ್ನು ಹುಣ್ಣು ಮಾಡುತ್ತದೆ. ಮೂರನೇ ವಾರದ ಹೊತ್ತಿಗೆ ಹುಣ್ಣು ತೂತಾಗಬಹುದು, ರಕ್ತ ಸೋರಬಹುದು. ಜ್ವರ ಥಟ್ಟನೆ ಇಳಿದು ಪಲ್ಸ್ ಏರಿದರೆ ಗುಣವಾಯಿತೆಂದು ಬರೆಯಬೇಡಿ, ಹೊಟ್ಟೆ ಮುಟ್ಟಿ ನೋಡಿ.

ಕರುಳೇ ಕಟ್ಟಿಕೊಂಡಾಗ ಹೊಟ್ಟೆ ಉಬ್ಬುತ್ತದೆ, ವಾಂತಿಯಾಗುತ್ತದೆ, ಗಾಳಿ ಸಹ ಹೋಗುವುದಿಲ್ಲ. “ಗಾಳಿ ಹೋತೇನ್ರಿ?” ಎಂದು ನಾಚದೆ ಕೇಳಿ. ಕಟ್ಟಿನ ಮೇಲ್ಭಾಗದ ಕರುಳಿನಲ್ಲಿ ಲೀಟರ್‌ಗಟ್ಟಲೆ ನೀರು ತುಂಬಿ ನಿಂತಿರುತ್ತದೆ. ಮೈಯಲ್ಲೇ ಇದ್ದರೂ ರಕ್ತಕ್ಕೆ ದಕ್ಕದ ನೀರು ಅದು. ರೈಲ್ಸ್ ಟ್ಯೂಬಿನಲ್ಲಿ ಬಂದದ್ದನ್ನು ಅಂದಾಜಿನಲ್ಲಿ ಬರೆಯದೆ ಅಳೆದು ಬರೆಯಿರಿ, ಅದರ ಮೇಲೆಯೇ ಡ್ರಿಪ್ಪಿನ ಲೆಕ್ಕ ನಿಂತಿದೆ. ಬಿಟ್ಟು ಬಿಟ್ಟು ಬರುತ್ತಿದ್ದ ನೋವು ಒಂದೇ ಸಮ ಆಯಿತೆಂದರೆ ಕರುಳಿಗೆ ರಕ್ತ ನಿಂತಿರಬಹುದು. ಹಳ್ಳಿಯ ಹಿರಿಯರು ಇಂಥ ಹೊಟ್ಟೆನೋವಿಗೆ ಔಡಲೆಣ್ಣೆ ಕುಡಿಸುವುದುಂಟು. ಮುಂದೆ ದಾರಿಯೇ ಇಲ್ಲದ ಕರುಳನ್ನು ಹಿಂದಿನಿಂದ ತಳ್ಳಿದರೆ ಒಡೆಯುತ್ತದೆ ಎಂದು ಅವರಿಗೆ ಬೈಯದೆ ತಿಳಿಸಿ ಹೇಳಿ.

ಈ ಅಪಾಯದ ಗುರುತುಗಳನ್ನೆಲ್ಲ ಹೇಳಲು ಕಾರಣವಿದೆ. ಮಳೆಗಾಲದಲ್ಲಿ ಆಮಗಾವ್‌ನಂಥ ಕಾಡಿನ ಊರಿಂದ ರೋಗಿಯನ್ನು ಹೆಗಲ ಮೇಲೆ ಹೊತ್ತು ತಂದ ಸುದ್ದಿ ಪೇಪರಿನಲ್ಲಿ ಓದಿರುತ್ತೀರಿ. ಅಂಥ ಕಡೆ ಕೆಲಸಕ್ಕೆ ಹೋದ ನರ್ಸ್ ‘ನಾಳೆ ನೋಡೋಣ’ ಎಂದರೆ ಆ ನಾಳೆ ಬಹಳ ದೂರ. ಯಾವ ಹೊಟ್ಟೆನೋವು ಊರಲ್ಲೇ ಕಾಯಬಹುದು, ಯಾವುದು ಹೊಳೆ ಏರುವ ಮೊದಲೇ ಖಾನಾಪುರ ಮುಟ್ಟಬೇಕು ಎಂದು ಹೇಳಬಲ್ಲವರು ಅಲ್ಲಿ ನೀವೊಬ್ಬರೇ ಇರುತ್ತೀರಿ.

ಮೇದೋಜೀರಕದ ಮಾತು ಚುಟುಕಾಗಿ. ಆ ಗ್ರಂಥಿಯ ರಸ ಕರುಳಿಗೆ ಬಂದ ಮೇಲೆ ಚುರುಕಾಗಬೇಕು. ಪಿತ್ತಕೋಶದ ಕಲ್ಲು ಅಡ್ಡ ಬಂದಾಗಲೋ, ಕುಡಿತದಿಂದಲೋ, ಅದು ಗ್ರಂಥಿಯೊಳಗೇ ಚುರುಕಾಗಿ ಗ್ರಂಥಿಯನ್ನೇ ಅರಗಿಸತೊಡಗುತ್ತದೆ. ನೋವು ಬೆನ್ನಿಗೆ ಹಾಯುತ್ತದೆ, ಮುಂದೆ ಬಾಗಿ ಕೂತರೆ ತುಸು ಹಗುರ. ರಕ್ತದ ನೀರು ಹೊಟ್ಟೆಯ ಹಿಂಭಾಗಕ್ಕೆ ಸೋರುವುದರಿಂದ ಮೊದಲೆರಡು ದಿನ ಮೂತ್ರದ ಲೆಕ್ಕವೇ ನಿಮ್ಮ ದಿಕ್ಸೂಚಿ. 60 ಕಿಲೋ ತೂಕದವರಿಗೆ ತಾಸಿಗೆ 30 ಮಿಲಿಲೀಟರಿಗಿಂತ ಕಡಿಮೆಯಾದರೆ ತಿಳಿಸಿ. ಕರಗಿದ ಕೊಬ್ಬು ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟುಕೊಳ್ಳುವುದರಿಂದ “ಬೆರಳು ಜೋಮು ಹಿಡಿದಾವ್ರಿ” ಎಂದರೆ ಅದನ್ನೂ ತಿಳಿಸಿ.

ಇನ್ನು ಲಿವರ್. ಕರುಳಿನ ರಕ್ತವೆಲ್ಲ ಪೋರ್ಟಲ್ ರಕ್ತನಾಳದಲ್ಲಿ ಲಿವರಿಗೆ ಬರುತ್ತದೆ. ವರ್ಷಗಟ್ಟಲೆ ಪೆಟ್ಟು ತಿಂದ ಲಿವರ್ ಗಾಯದ ನಾರಿನಿಂದ ಗಟ್ಟಿಯಾದಾಗ, ಕಾಲುವೆಗೆ ಮುಂದೆ ಒಡ್ಡು ಕಟ್ಟಿದರೆ ನೀರು ಹಿಂದೆ ಏರಿ ಅಕ್ಕಪಕ್ಕದ ಗದ್ದೆಗೆ ನುಗ್ಗುವಂತೆ, ರಕ್ತ ಹಿಂದಕ್ಕೆ ಒತ್ತಿ ಸಿಕ್ಕ ಅಡ್ಡದಾರಿ ಹಿಡಿಯುತ್ತದೆ. ಅನ್ನನಾಳದ ಕೆಳಭಾಗದ ತೆಳುವಾದ ನಾಳಗಳು ಹಾಗೆ ಉಬ್ಬುತ್ತವೆ. ಒಡೆದರೆ ಬೊಗಸೆಗಟ್ಟಲೆ ರಕ್ತವಾಂತಿ. ಲಿವರ್ ಅಲ್ಬುಮಿನ್ ತಯಾರಿಸಲಾರದು, ಕಿಡ್ನಿ ಉಪ್ಪು ಹಿಡಿದಿಡುತ್ತದೆ, ಒತ್ತಡ ಮೊದಲೇ ಇದೆ, ಹೊಟ್ಟೆಯಲ್ಲಿ ನೀರು ತುಂಬುತ್ತದೆ. ರಕ್ತ ಹೆಪ್ಪುಗಟ್ಟಿಸುವ ಅಂಶಗಳೂ ತಯಾರಾಗುವುದಿಲ್ಲ, ಸೂಜಿ ತೆಗೆದ ಜಾಗ ಬಹಳ ಹೊತ್ತು ಒತ್ತಿಹಿಡಿಯಬೇಕು. ನೋಡಿ, ಬಾಯಿಪಾಠ ಮಾಡಿದ ಲಕ್ಷಣಗಳೆಲ್ಲ ಎರಡೇ ಮೂಲದಿಂದ ಬಂದವು: ಹಿಂದೊತ್ತುವ ರಕ್ತ, ಕೆಲಸ ಬಿಟ್ಟ ಲಿವರ್.

ಕರುಳಿನ ಅಮೋನಿಯಾವನ್ನು ಶುದ್ಧ ಮಾಡುವ ಲಿವರ್ ಸೋತಾಗ ಅದು ಮಿದುಳಿಗೆ ಏರುತ್ತದೆ. ಮೊದಲ ಸುಳಿವು ಲ್ಯಾಬ್ ರಿಪೋರ್ಟಿನಲ್ಲಿ ಸಿಗುವುದಿಲ್ಲ, ಹೆಂಡತಿಯ ಬಾಯಲ್ಲಿ ಸಿಗುತ್ತದೆ: “ಹಗಲೆಲ್ಲಾ ಮಲಕೋತಾರ್ರಿ, ರಾತ್ರಿ ಎದ್ದು ಕುಂದರತಾರ.” ಆಗ ಎರಡೂ ಕೈ ಮುಂದೆ ಚಾಚಿ, ಮಣಿಕಟ್ಟನ್ನು ಹಿಂದಕ್ಕೆ ಬಾಗಿಸಿ ಹಿಡಿಯಲು ಹೇಳಿ. ಹಕ್ಕಿ ರೆಕ್ಕೆ ಬಡಿದಂತೆ ಕೈ ಜಾರಿ ಜಾರಿ ಬೀಳುತ್ತಿದೆಯೇ? ಮಲಬದ್ಧತೆ ಇದೆಯೇ, ಜ್ವರವಿದೆಯೇ, ಮಲ ಕಪ್ಪಾಗಿದೆಯೇ, ನಿದ್ರೆಯ ಗುಳಿಗೆ ಕೊಟ್ಟಿದ್ದಾರೆಯೇ ಎಂದು ಹುಡುಕಿ, ಇವೆಲ್ಲ ಅಮೋನಿಯಾದ ಗೆಳೆಯರು. ಲ್ಯಾಕ್ಟುಲೋಸ್ ದಿನಕ್ಕೆ ಎರಡು-ಮೂರು ಸಲ ಮೆತ್ತಗೆ ಸಂಡಾಸ ಆಗುವಂತೆ ಕೊಡುವ ಔಷಧ. ‘ಲೂಸ್ ಮೋಷನ್ ಆಗ್ತಿದೆ’ ಎಂದು ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ, ಐದಾರು ಸಲ ನೀರಾಗಿ ಹೋದರೆ ಮಾತ್ರ ಡಾಕ್ಟರಿಗೆ ಹೇಳಿ. ಇಂಥವರಿಗೆ ಬೇಳೆ, ಮೊಟ್ಟೆ, ಹಾಲು ಬಿಡಿಸುವುದು ಹಳೆಯ ಕಾಲದ ಪಾಠ. ಮೊದಲೇ ಸೊರಗಿದ ಮೈಗೆ ಪ್ರೋಟೀನ್ ಬೇಕು.

ಕುಡಿತ ಬಿಟ್ಟು ಎರಡು-ಮೂರು ದಿನವಾದವನು ನಡುಗಿ, ಬೆವೆತು, ಇಲ್ಲದ್ದನ್ನು ಕಂಡು ಕೂಗಾಡುವುದು ಬೇರೆಯೇ ಕಥೆ. ಅವನಿಗೆ ಸಮಾಧಾನದ ಔಷಧ ಬೇಕು. ಅಮೋನಿಯಾ ಏರಿದವನಿಗೆ ಅದೇ ಔಷಧ ಅಪಾಯ. ಎರಡರ ವ್ಯತ್ಯಾಸ ಕಂಡು ಹೇಳುವಷ್ಟು ಕಣ್ಣು ಪಳಗಲಿ. ಹಾಗೆಯೇ ಸಿರೋಸಿಸ್ ಎಂದ ತಕ್ಷಣ ಕುಡುಕ ಎಂದು ಹಣೆಪಟ್ಟಿ ಹಚ್ಚಬೇಡಿ. 2007ರಲ್ಲಿ ರಾಜ್ಯದಲ್ಲಿ ಸಾರಾಯಿ ನಿಷೇಧವಾದರೂ ಕುಡಿತವೇನೂ ನಿಲ್ಲಲಿಲ್ಲ, ನಿಜ. ಆದರೆ ಹೆಪಟೈಟಿಸ್ ಬಿ, ಸಿ ಇಂದಲೂ, ಸಕ್ಕರೆ ಕಾಯಿಲೆಯ ಜೊತೆ ಬರುವ ಕೊಬ್ಬಿನ ಲಿವರಿನಿಂದಲೂ ಸಿರೋಸಿಸ್ ಆಗುತ್ತದೆ. ಹನಿ ಮುಟ್ಟದ ಗೃಹಿಣಿಯನ್ನೂ ಆ ಹಾಸಿಗೆಯಲ್ಲಿ ನೋಡಿದ್ದೇನೆ. ಕುಡಿದು ಕೆಡಿಸಿಕೊಂಡವನೇ ಆದರೂ ಅವನ ಹೆಂಡತಿಯೆದುರು ಕುಟುಕು ಮಾತಾಡಬೇಡಿ. ಅವಮಾನವಾದ ರೋಗಿ ಮುಂದೆ ನಿಮಗೆ ನಿಜ ಹೇಳುವುದಿಲ್ಲ.

ಹೊಟ್ಟೆಯ ವಾರ್ಡಿಗೆ ಹೊಟ್ಟೆಯದಲ್ಲದ ನೋವೂ ಬರುತ್ತದೆ. “ಗ್ಯಾಸ್ ಆಗೇತ್ರಿ, ಸೋಡಾ ಕುಡದೆ, ಕಡಿಮಿ ಆಗಲಿಲ್ಲ” ಎಂದು ಎದೆಗುಂಡಿಗೆಯ ಕೆಳಗೆ ಕೈಯಿಟ್ಟು ಬೆವರುತ್ತಿರುವ ಐವತ್ತರ ಮನುಷ್ಯನಿಗೆ ಮೊದಲು ಇಸಿಜಿ. ಹೃದಯದ ಕೆಳಗೋಡೆಯ ನೋವೂ ಜಠರದ ನೋವೂ ಹತ್ತಿರದ ನರದಾರಿಯಲ್ಲೇ ಬರುವುದರಿಂದ ಮಿದುಳಿಗೇ ಗೊಂದಲ. ಆಂಟಾಸಿಡ್ ಕೊಟ್ಟು ಕಾಯುತ್ತ ಕೂರಬೇಡಿ.

ನಿಮ್ಮ ಜೀವವನ್ನೂ ಕಾಪಾಡಿಕೊಳ್ಳಿ. ಹೆಪಟೈಟಿಸ್ ಬಿ ಇರುವವರಿಗೆ ಚುಚ್ಚಿದ ಸೂಜಿ ಲಸಿಕೆಯಿಲ್ಲದ ನಿಮಗೆ ಚುಚ್ಚಿದರೆ ರೋಗ ತಗಲುವ ಸಂಭವ ನೂರಕ್ಕೆ ಮೂವತ್ತರವರೆಗೂ ಇದೆ. ಒಣಗಿದ ರಕ್ತದಲ್ಲೂ ಆ ವೈರಸ್ ಕನಿಷ್ಠ ಒಂದು ವಾರ ಬದುಕಬಲ್ಲದು. 0, 1, 6 ತಿಂಗಳ ಮೂರು ಡೋಸ್ ಮುಗಿಸಿ, ಆಮೇಲೆ ಟೈಟರ್ ನೋಡಿಸಿ. ಸೂಜಿಗೆ ಮತ್ತೆ ಮುಚ್ಚಳ ಹಾಕಬೇಡಿ. ಚುಚ್ಚಿಕೊಂಡರೆ ಬೈಸಿಕೊಳ್ಳುವ ಭಯಕ್ಕೆ ಮುಚ್ಚಿಡದೆ ಅವತ್ತೇ ವರದಿ ಮಾಡಿ. ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಇ ಬಹುಮಂದಿಗೆ ತಾನಾಗಿ ವಾಸಿಯಾಗುತ್ತದೆ, ಆದರೆ ಕೊನೆಯ ತಿಂಗಳುಗಳ ಬಸುರಿಗೆ ಪ್ರಾಣಕ್ಕೇ ಕುತ್ತು. ಮಳೆಗಾಲದಲ್ಲಿ ಕಣ್ಣು ಹಳದಿಯಾದ ಗರ್ಭಿಣಿಯನ್ನು ‘ಕಾಮಾಲೆ, ಬೇರು ಕಟ್ಟಿಸಿ’ ಎಂದು ಯಾರೇ ಹೇಳಿದರೂ ಮನೆಗೆ ಕಳಿಸಬೇಡಿ. ಕಣ್ಣಿನ ಹಳದಿಯನ್ನು ಟ್ಯೂಬ್‌ಲೈಟಿನ ಕೆಳಗೆ ನೋಡದೆ ಕಿಟಕಿಯ ಬೆಳಕಿಗೆ ಕರೆದು ನೋಡಿ.

ಇಷ್ಟೆಲ್ಲ ಒಂದೇ ದಿನ ತಲೆಗೆ ಇಳಿಯುವುದಿಲ್ಲ. ಹೀಗೆ ಮಾಡಿ. ಕ್ಲಿನಿಕಲ್ ಪೋಸ್ಟಿಂಗಿಗೆ ಹೋದ ದಿನ ಒಬ್ಬ ರೋಗಿಯನ್ನು ಆರಿಸಿಕೊಳ್ಳಿ. ಕೇಸ್‌ಶೀಟ್ ಕಾಪಿ ಹೊಡೆಯುವ ಬದಲು ನೋಟ್‌ಬುಕ್ಕಿನಲ್ಲಿ ಮೂರು ಸಾಲು ಬರೆಯಿರಿ: ಇವರಲ್ಲಿ ಕೆಟ್ಟದ್ದು ಏನು? ಅದರಿಂದ ಈ ಲಕ್ಷಣ ಯಾಕೆ ಬಂತು? ಇವತ್ತು ರಾತ್ರಿ ಬಿಗಡಾಯಿಸಿದರೆ ಮೊದಲು ಏನು ಕಾಣುತ್ತದೆ? ಮರುದಿನ ಹೋಗಿ ನೀವು ಬರೆದದ್ದು ಹೌದೋ ಅಲ್ಲವೋ ನೋಡಿ. ಪುಸ್ತಕ ಇಂಗ್ಲಿಷಿನಲ್ಲಿದೆ ಎಂದು ಕುಗ್ಗಬೇಡಿ. ಇಂಗ್ಲಿಷಿನಲ್ಲಿ ಓದಿದ್ದನ್ನು ರೋಗಿಯ ಮನೆಯವರಿಗೆ ಮನೆಮಾತಿನಲ್ಲಿ ಬಿಡಿಸಿ ಹೇಳಿ ನೋಡಿ. ಎಲ್ಲಿ ತಡವರಿಸಿದಿರೋ ಅಲ್ಲಿ ನಿಮಗೇ ಅರ್ಥವಾಗಿಲ್ಲ, ಆ ಪುಟಕ್ಕೆ ವಾಪಸ್ ಹೋಗಿ.

ಕೊನೆಯದು, ನಡುರಾತ್ರಿಯ ಫೋನಿನ ವಿಷಯ. ಡ್ಯೂಟಿ ಡಾಕ್ಟರನ್ನು ಎಬ್ಬಿಸಲು ನಿಮಗೆ ಅಂಜಿಕೆ, ಬೈದಾರೆಂಬ ಭಯ. ‘ಸರ್, ಪೇಷೆಂಟ್ ಯಾಕೋ ಸರಿಯಿಲ್ಲ’ ಎಂದರೆ ಬೈಯಲೂಬಹುದು. ‘ಸರ್, 12ನೇ ಬೆಡ್ಡಿನ ಅಜ್ಜನ ಪಲ್ಸ್ ನಾಲ್ಕು ತಾಸಿನಲ್ಲಿ 86ರಿಂದ 118 ಆಗಿದೆ, ಬಿಪಿ 116/90, ಮಲ ಡಾಂಬರಿನಂತಿದೆ, ನೋವಿನ ಗುಳಿಗೆ ದಿನಾ ತಗೋತಿದ್ದರಂತೆ, ಒಳಗೆ ರಕ್ತ ಸೋರುತ್ತಿರಬಹುದು, ದಪ್ಪ ಕ್ಯಾನ್ಯುಲಾ ಹಾಕಿ ಗ್ರೂಪಿಂಗ್‌ಗೆ ರಕ್ತ ತೆಗೆದಿಡಲೇ?’ ಎಂದು ಕೇಳಿ. ಯಾವ ಡಾಕ್ಟರೂ ಮತ್ತೆ ಮಲಗುವುದಿಲ್ಲ. ಆದರೂ ಬಾರದಿದ್ದರೆ ಅವರ ಮೇಲಿನವರಿಗೆ ಫೋನ್ ಮಾಡಿ, ಮಾಡಿದ ಸಮಯವನ್ನು ನೋಟ್ಸಿನಲ್ಲಿ ಬರೆದಿಡಿ. ಯಾಕೆ ಎಂಬುದನ್ನು ಕಲಿಯಿರಿ ಎಂದು ಇಷ್ಟು ಹೊತ್ತು ಹೇಳಿದ್ದು ಈ ಒಂದು ಫೋನಿಗಾಗಿ. ಒಳಗೇನಾಗುತ್ತಿದೆ ಎಂದು ಗೊತ್ತಿದ್ದವರ ದನಿ ಗಟ್ಟಿಯಾಗಿರುತ್ತದೆ. ಆ ದನಿ ನಿಮಗೆ ಬರಲಿ, ಚೆನ್ನಾಗಿ ಓದಿ.